‘ಅಂತೆ’ ಬಿದ್ದುಹೋದ ಹಸ್ತಪ್ರತಿ: ನಿರಾಶ್ರಿತರ ಶಿಬಿರದ ಆತ್ಮಕಥನವೊಂದರ ಸಂಪಾದನೆ

ಹಸ್ತಪ್ರತಿಯ 87ನೆಯ ಪುಟದಲ್ಲಿ ಒಂದು ಮಗು ಕೈಬೀಸುತ್ತದೆ. 1971ರ ಮಳೆಗಾಲ, ಕಲ್ಕತ್ತದ ಹತ್ತಿರದ ಶಿಬಿರ, ಕಾಲರಾ ಡೇರೆ. ಹುಡುಗಿಗೆ ಆರೇಳು ವರ್ಷ. ಕಣ್ಣು ಗುಳಿಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೆಯೇ ನಿಲ್ಲುತ್ತದೆ. ಉಡುಪಿ ಕಡೆಯಿಂದ ಹೋದ ಇಪ್ಪತ್ತೆರಡರ ನರ್ಸ್ ರಾತ್ರಿಯಿಡೀ ಚಮಚದಲ್ಲಿ ಉಪ್ಪು-ಸಕ್ಕರೆ ನೀರು ಕುಡಿಸುತ್ತಾಳೆ. ಮೂರನೆಯ ದಿನ ಬೆಳಿಗ್ಗೆ ಹುಡುಗಿ ಎದ್ದು ಡೇರೆಯ ಬಾಗಿಲ ತನಕ ನಡೆದು, ತಿರುಗಿ ನಿಂತು ಕೈಬೀಸುತ್ತಾಳೆ. ಓದಿದವರೆಲ್ಲ ಈ ಪುಟದಲ್ಲಿ ಕಣ್ಣೊರೆಸಿಕೊಂಡರು. ಪುಸ್ತಕದ ಹಿಂಬದಿ ರಕ್ಷಾಪುಟಕ್ಕೆ ಇದನ್ನೇ ಹಾಕಬೇಕೆಂದು ಪ್ರಕಾಶಕರು ಹೇಳಿದ್ದರು.

ಇದೇ ಲೇಖಕಿ 2016ರಲ್ಲಿ ತುಂಬಿಸಿದ್ದ ಮೊದಲ ನೋಟ್‌ಬುಕ್ಕಿನಲ್ಲೂ ಆ ಹುಡುಗಿ ಇದ್ದಾಳೆ, ಆದರೆ ಅಲ್ಲಿ ಕೈಬೀಸುವುದಿಲ್ಲ. 1971ರಲ್ಲಿ ಮನೆಗೆ ಬರೆದ ಕಾಗದಗಳಲ್ಲಂತೂ ಅವಳ ಸುಳಿವೇ ಇಲ್ಲ. ಒಂದು ಘಟನೆಗೆ ಮೂರು ರೂಪ ಸಿಕ್ಕಾಗ ಸಂಪಾದಕರು ಏನು ಮಾಡಬೇಕು ಎಂಬುದು ಈ ಅಧ್ಯಯನದ ವಿಷಯ. ಲೇಖಕಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇಂಥ ಹಸ್ತಪ್ರತಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಅಭ್ಯಾಸಕ್ಕೆಂದು ಒಬ್ಬರ ಕಥೆಯಾಗಿ ಹೆಣೆಯಲಾಗಿದೆ. ಇತಿಹಾಸ, ವೈದ್ಯಕೀಯ, ಅಂಚೆ, ರೈಲುಗಳಿಗೆ ಸಂಬಂಧಿಸಿದ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ ಚುಟುಕಾಗಿ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ದಾಳಿ ಶುರುವಾದ ಮೇಲೆ ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಜನ ಹರಿದುಬಂದರು. ವರ್ಷದ ಕೊನೆಗೆ ಸರಕಾರದ ಲೆಕ್ಕದಲ್ಲಿ ಅವರ ಸಂಖ್ಯೆ ಸುಮಾರು 99 ಲಕ್ಷ. ಜೂನ್ ಹೊತ್ತಿಗೆ ಶಿಬಿರಗಳಲ್ಲಿ ಕಾಲರಾ ಹಬ್ಬಿತು, ಸೆಪ್ಟೆಂಬರ್ ಅಂತ್ಯಕ್ಕೆ ಪ್ರಕರಣಗಳು 46,000 ದಾಟಿದ್ದವು. ದೇಶದ ಎಲ್ಲ ಕಡೆಗಳಿಂದ ವೈದ್ಯರು, ನರ್ಸುಗಳು, ಕಾಲೇಜು ಹುಡುಗರು ಹೋದರು. ನಮ್ಮ ಲೇಖಕಿ ಆಸ್ಪತ್ರೆಯ ರಜೆ ಹಾಕಿ ಜುಲೈಯಲ್ಲಿ ಹೊರಟವರು. ಮುಂದೆ ಮೂವತ್ತು ವರ್ಷ ಕರಾವಳಿಯ ಹಳ್ಳಿಗಳಲ್ಲೇ ಆರೋಗ್ಯ ಸೇವೆಯಲ್ಲಿದ್ದು ನಿವೃತ್ತರಾದರು. ಈ ಮೂವತ್ತು ವರ್ಷವನ್ನು ನೆನಪಿಟ್ಟುಕೊಳ್ಳಿ, ಹಸ್ತಪ್ರತಿಯ ಕೆಲವು ತಪ್ಪುಗಳು ಹುಟ್ಟಿದ್ದು ಅಲ್ಲೇ.

ಕೈಯಲ್ಲಿದ್ದ ಸಾಮಗ್ರಿ

2016ರ ನೋಟ್‌ಬುಕ್, 2023ರ ಪೂರ್ಣ ಹಸ್ತಪ್ರತಿ, ತಮ್ಮನ ಮನೆಯ ಟ್ರಂಕಿನಲ್ಲಿ ಉಳಿದ ಹನ್ನೊಂದು ಕಾಗದ, ನಾಲ್ಕು ಕಪ್ಪು-ಬಿಳುಪು ಫೋಟೋ. ಇವುಗಳ ಜೊತೆಗೆ ಸಂಪಾದನೆಯ ಹೊತ್ತಿನಲ್ಲಿ ತುಳುವಿನಲ್ಲಿ ನಡೆದ ಹದಿನಾಲ್ಕು ಮಾತುಕತೆಗಳ ಧ್ವನಿಮುದ್ರಣ.

ಕರಾವಳಿಯಲ್ಲಿ ಐವತ್ತು ವರ್ಷ ಉಳಿದ ಕಾಗದ ಅಂದರೆ ಬೂಷ್ಟು ಹಿಡಿದ ಕಾಗದ. ಮನೆಯವರು ಮೊದಲು ಮಾಡುವ ಕೆಲಸ ಅದನ್ನು ಅಂಗಳದ ಬಿಸಿಲಿಗೆ ಹರಡುವುದು, ಆಮೇಲೆ ಲ್ಯಾಮಿನೇಷನ್ ಅಂಗಡಿಗೆ ಒಯ್ಯುವುದು. ಎರಡೂ ಬೇಡ. ಬಿಸಿಲಿಗೆ ಶಾಯಿ ಮಾಸುತ್ತದೆ, ಲ್ಯಾಮಿನೇಷನ್ನಿನ ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಫ್ಯಾನಿನ ನೇರ ಗಾಳಿ ತಾಗದ ಒಣ ಕೋಣೆಯಲ್ಲಿ ಎರಡು ದಿನ ನೆರಳಲ್ಲಿಟ್ಟು, ಮೆತ್ತನೆ ಬ್ರಷ್ಷಿನಿಂದ ಬೂಷ್ಟನ್ನು ಹೊರಮುಖವಾಗಿ ತೆಗೆದು, ಎರಡೂ ಬದಿಯನ್ನು 400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ್ದಾಯಿತು. ಬೂಷ್ಟು ತೆಗೆಯುವಾಗ ಮಾಸ್ಕ್ ಕಡ್ಡಾಯ. ವಿಳಾಸದ ಬದಿ, ಸ್ಟಾಂಪು, ಅಂಚೆ ಮೊಹರನ್ನು ಸ್ಕ್ಯಾನಿನಲ್ಲಿ ಕತ್ತರಿಸಿಬಿಡುವವರಿದ್ದಾರೆ. ಈ ಪ್ರಕರಣದಲ್ಲಿ ಒಳಗಿನ ಒಕ್ಕಣೆಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಆ ಬದಿಯೇ.

ಮಾತುಕತೆಗೆ ಮೊದಲು ಆರಿಸಿದ್ದು ಹಂಚಿನ ಮಾಡಿನ ಚಾವಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯ ಸದ್ದಿಗೆ ಎರಡು ದಿನದ ಮುದ್ರಣ ಹಾಳಾಯಿತು. ಮತ್ತಿನದೆಲ್ಲ ಅಟ್ಟವಿರುವ ಒಳಕೋಣೆಯಲ್ಲಿ ನಡೆಯಿತು. ಒಂದು ಸಲಕ್ಕೆ ನಲವತ್ತೈದು ನಿಮಿಷ, ಹೆಚ್ಚಿಲ್ಲ. ಎಪ್ಪತ್ತು ದಾಟಿದವರು ಒಂದು ಗಂಟೆಯ ಮೇಲೆ ಹೇಳುವುದೆಲ್ಲ ಮೊದಲೇ ಬರೆದಿಟ್ಟದ್ದರ ಪಾರಾಯಣವಾಗುತ್ತದೆ. ಒಂದು ಗಂಟೆಯ ತುಳು ಮಾತನ್ನು ಕನ್ನಡ ಲಿಪಿಗೆ ಇಳಿಸಲು ಐದಾರು ಗಂಟೆ ಹಿಡಿಯಿತು. ತುಳು ಪಾಠ ಮತ್ತು ಕನ್ನಡ ಅನುವಾದಕ್ಕೆ ಬೇರೆ ಬೇರೆ ಕಡತ. ಎರಡನ್ನೂ ಒಂದೇ ಕಡತದಲ್ಲಿಟ್ಟರೆ ಮೂರು ತಿಂಗಳಲ್ಲಿ ಅನುವಾದವೇ ಮೂಲವಾಗಿಬಿಡುತ್ತದೆ.

ಮೊದಲ ಎರಡು ಸಲ ಅಣ್ಣನ ಮಗ ಪಕ್ಕದಲ್ಲಿ ಕೂತಿದ್ದರು. “ಅತ್ತೆ, ಆ ಹುಡುಗಿಯ ಕಥೆ ಹೇಳಿ” ಎಂದು ನಡುವೆ ಎತ್ತಿಕೊಟ್ಟರು. ಅತ್ತೆ ಹೇಳಿದರು, ಹಸ್ತಪ್ರತಿಯಲ್ಲಿದ್ದದ್ದನ್ನು ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಮನೆಯವರ ಮುಂದೆ ನೆನಪು ಮನೆಯವರಿಗೆ ಗೊತ್ತಿರುವ ರೂಪವನ್ನೇ ತಾಳುತ್ತದೆ. ಮೂರನೆಯ ಸಲದಿಂದ ಅವರು ಹೊರಗಿನ ಕೋಣೆಯಲ್ಲಿ ಇದ್ದರು: ಕರೆದರೆ ಬರುವಷ್ಟು ಹತ್ತಿರ, ಮಾತು ಕೇಳಿಸದಷ್ಟು ದೂರ. ಹೆಣಗಳ ನೆನಪು ಬಂದ ದಿನ ಮುದ್ರಣ ನಿಲ್ಲಿಸಿ ಅವರನ್ನು ಕರೆಯಬೇಕಾಯಿತು. ಹಾಗೆ ನಿಲ್ಲಿಸಿದ ದಿನ ಮತ್ತೆ ಶುರುಮಾಡಲಿಲ್ಲ.

ಪ್ರಶ್ನೆಗಳಲ್ಲಿ ಒಂದು ಕ್ರಮವಿತ್ತು. ಮೊದಲು ತಡೆಯದೆ ಹೇಳಿಸುವುದು. ಆಮೇಲೆ ಮೈಯ ಪ್ರಶ್ನೆಗಳು: ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಕಾಲಿಗೆ ಏನು ಹಾಕಿದ್ದಿರಿ, ನೀರು ಎಲ್ಲಿಂದ ಬರುತ್ತಿತ್ತು. ಕಾಗದ, ಫೋಟೋ ತೋರಿಸುವುದು ಎಲ್ಲಕ್ಕಿಂತ ಕೊನೆಗೆ. ಫೋಟೋ ಮೊದಲೇ ತೋರಿಸಿದರೆ ಮುಂದೆ ನೆನಪಾಗುವುದು ಫೋಟೋ, ಶಿಬಿರವಲ್ಲ. ‘ಆಗ ನಿಮಗೆ ಹೇಗನ್ನಿಸಿತು’ ಎಂದು ಆರಂಭದಲ್ಲೇ ಕೇಳುವುದನ್ನು ಬಿಟ್ಟದ್ದು ಒಳ್ಳೆಯದಾಯಿತು. ಆ ಪ್ರಶ್ನೆಗೆ ಉತ್ತರ ಕೊಡುವವರು ಇಪ್ಪತ್ತೆರಡರ ಹುಡುಗಿಯಲ್ಲ, ಸನ್ಮಾನ ಸಭೆಗಳಲ್ಲಿ ಮಾತಾಡಿ ರೂಢಿಯಾದ ಹಿರಿಯರು.

ತಾರೀಕು ಹೇಳಿದ ಸ್ಟಾಂಪು

ಹಸ್ತಪ್ರತಿಯ ಆರಂಭದಲ್ಲಿ ಲೇಖಕಿ ಉಡುಪಿ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಾರೆ, ಅವರ ತಾಯಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾರೆ. ಉಡುಪಿಗೆ ರೈಲು ಬಂದದ್ದು ಕೊಂಕಣ ರೈಲ್ವೆಯೊಡನೆ, 1990ರ ದಶಕದಲ್ಲಿ. 1971ರಲ್ಲಿ ಬಸ್ಸಿನಲ್ಲಿ ಮಂಗಳೂರಿಗೆ ಬಂದು, ಶೊರನೂರು, ಪಾಲಕ್ಕಾಡಿನ ದಾರಿಯಲ್ಲಿ ಮದ್ರಾಸಿಗೆ ಹೋಗಿ, ಅಲ್ಲಿಂದ ಹೌರಾ ಮೈಲು ಹಿಡಿಯಬೇಕಿತ್ತು. ಹಾಸನದ ಕಡೆಯ ಹಳಿ ಕೂಡ 1979ರದ್ದು. ಲೇಖಕಿ ಸುಳ್ಳು ಬರೆದಿರಲಿಲ್ಲ. ನಿವೃತ್ತಿಯ ನಂತರ ಅವರು ಎಷ್ಟೋ ಸಲ ಉಡುಪಿ ಸ್ಟೇಷನ್ನಿನಿಂದ ಹೊರಟಿದ್ದರು, ತಾಯಿಯ ಬೀಳ್ಕೊಡುಗೆ ಆ ಪ್ಲಾಟ್‌ಫಾರ್ಮಿಗೆ ವಲಸೆ ಹೋಗಿತ್ತು, ಅಷ್ಟೆ. ನಿಜವಾದ ಬೀಳ್ಕೊಡುಗೆ ಎಲ್ಲಿ ಎಂದು ಕೇಳಿದಾಗ ಬಸ್ ಸ್ಟ್ಯಾಂಡ್, ಒದ್ದೆ ಕೊಡೆ, ಬಾಳೆಎಲೆಯಲ್ಲಿ ಕಟ್ಟಿದ ಬುತ್ತಿ ಹೊರಬಂದವು. ಹಸ್ತಪ್ರತಿಯ ದೃಶ್ಯಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು.

‘ಕರ್ನಾಟಕ’, ‘ಉಡುಪಿ ಜಿಲ್ಲೆ’ ಎಂಬಂಥವು ಸುಲಭದ ತಿದ್ದುಪಡಿಗಳು. ಆಗ ಇದ್ದದ್ದು ಮೈಸೂರು ರಾಜ್ಯ. ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ.

ಕಷ್ಟವಾದದ್ದು ಮರಳಿದ ತಾರೀಕು. ದೀಪಾವಳಿಗೆ ಮೊದಲೇ ಊರು ಸೇರಿದೆ ಎಂದು ಹಸ್ತಪ್ರತಿ ಹೇಳುತ್ತಿತ್ತು. ಆ ವರ್ಷದ ದೀಪಾವಳಿ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಆದರೆ ಶಿಬಿರದಿಂದ ಬಂದ, ತಾರೀಕು ಕಾಣಿಸದ ಒಂದು ಲಕೋಟೆಯಲ್ಲಿ ಮಾಮೂಲಿ ಸ್ಟಾಂಪಿನ ಪಕ್ಕ ಐದು ಪೈಸೆಯ ಇನ್ನೊಂದು ಸ್ಟಾಂಪು ಇತ್ತು: ಕುಟುಂಬ ಯೋಜನೆಯ ಚಿತ್ರದ ಮೇಲೆ ‘ರೆಫ್ಯೂಜಿ ರಿಲೀಫ್’ ಎಂದು ಅಚ್ಚೊತ್ತಿದ್ದು. ನಿರಾಶ್ರಿತರ ವೆಚ್ಚಕ್ಕೆಂದು ಅಂಚೆ ಇಲಾಖೆ ಈ ಹೆಚ್ಚುವರಿ ಐದು ಪೈಸೆಯನ್ನು ವಸೂಲಿ ಮಾಡತೊಡಗಿದ್ದು 1971ರ ನವೆಂಬರ್ 15ರಿಂದ. ಹಾಗಾಗಿ ನವೆಂಬರ್ ನಡುವಿನಲ್ಲೂ ಲೇಖಕಿ ಅಲ್ಲೇ ಇದ್ದರು. ಕಟ್ಟಿನಲ್ಲಿದ್ದ ಮತ್ತೊಂದು ಕಾಗದ ಶಿಬಿರದ್ದೇ ಎಂದು ಮನೆಯವರು ಹೇಳುತ್ತಿದ್ದರು, ಅದರ ವಿಳಾಸದಲ್ಲಿ ಪಿನ್ ಕೋಡ್ ಇತ್ತು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಆ ಕಾಗದ ಕಟ್ಟಿನಿಂದ ಹೊರಗೆ ಹೋಯಿತು, ಹನ್ನೊಂದು ಹತ್ತಾಯಿತು. ಹಳೆಯ ಕಾಗದಗಳ ಕೆಲಸ ಮಾಡುವವರು ಈ ಎರಡು ತಾರೀಕುಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಸ್ಟಾಂಪನ್ನು ಮುಂದಿಟ್ಟಾಗ ಲೇಖಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಡಿಸೆಂಬರ್ 3ರಂದು ಯುದ್ಧ ಶುರುವಾದ ಮೇಲೆ ತಾವು ಹೊರಟು ಬಂದದ್ದನ್ನು ಹೇಳಿದರು. “ಎಂಕ್ ಪೋಡಿಗೆ ಆಂಡ್” ಎಂದರು. ನನಗೆ ಹೆದರಿಕೆಯಾಯಿತು. ಊರಿಗೆ ಮರಳಿದ ದಿನವನ್ನು ನೆನಪು ಯುದ್ಧದ ಹಿಂದಕ್ಕೆ ಸರಿಸಿದ್ದು ಈ ಹೆದರಿಕೆಯನ್ನು ಮರೆಸಲು. ಗಮನಿಸಬೇಕಾದ ಸಂಗತಿ ಇದು: ತಾರೀಕು ಸುಮ್ಮನೆ ತಪ್ಪುವುದುಂಟು, ಕಾರಣವಿದ್ದು ತಪ್ಪುವುದೂ ಉಂಟು. ಉಡುಪಿ ರೈಲಿನ ತಪ್ಪು ಮೊದಲ ಬಗೆ, ದೀಪಾವಳಿಯದು ಎರಡನೆಯದು. ಮೊದಲ ಬಗೆಯದನ್ನು ಪೆನ್ಸಿಲಿನಲ್ಲಿ ತಿದ್ದಿದರೆ ಸಾಕು. ಎರಡನೆಯದನ್ನು ತಿದ್ದುವ ಮೊದಲು ಲೇಖಕಿಯ ಜೊತೆ ಕೂತು ಮಾತಾಡಲೇಬೇಕು, ಏಕೆಂದರೆ ಅಲ್ಲಿ ಒಂದು ಅಧ್ಯಾಯ ಅಡಗಿರುತ್ತದೆ.

ಕಾಗದಗಳನ್ನೇ ಸತ್ಯವೆಂದು ಹಿಡಿಯುವಂತೆಯೂ ಇರಲಿಲ್ಲ. ಅಮ್ಮನಿಗೆ ಬರೆದ ಕಾಗದದಲ್ಲಿ ಎಲ್ಲವೂ ಕ್ಷೇಮ: ಊಟ ಚೆನ್ನಾಗಿದೆ, ಮಳೆ ನಮ್ಮೂರಿನಂತೆಯೇ. ಹತ್ತು ಕಾಗದಗಳಲ್ಲಿ ‘ಕಾಲರಾ’ ಎಂಬ ಪದ ಬಂದದ್ದು ಒಮ್ಮೆ ಮಾತ್ರ, ಅದೂ ತಮ್ಮನಿಗೆ ಬರೆದದ್ದರಲ್ಲಿ, ‘ಅಮ್ಮನಿಗೆ ಓದಿ ಹೇಳಬೇಡ’ ಎಂಬ ಸೂಚನೆಯೊಡನೆ.

ಯಾವ ನೀರು, ಯಾರ ಡ್ರಮ್ಮು

2023ರ ಹಸ್ತಪ್ರತಿಯಲ್ಲಿ ಲೇಖಕಿ ಬಂಗಾಂವಿನಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರ ಕೈಕೆಳಗೆ ಕೆಲಸ ಮಾಡುತ್ತಾರೆ. ಮಹಲನಾಬಿಸ್ ಅವರ ಕೆಲಸ ಜಗತ್ತಿಗೇ ಗೊತ್ತು. ಗಡಿಯ ಬಂಗಾಂವ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಅವರ ತಂಡ ಬಾಯಿಂದ ಕುಡಿಸುವ ದ್ರಾವಣಕ್ಕೆ ತಿರುಗಿತು. ಒಂದು ಲೀಟರಿಗೆ ಗ್ಲೂಕೋಸ್ 22 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 2.5 ಗ್ರಾಂ. ಕಲ್ಕತ್ತದಲ್ಲಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿದ ಪುಡಿಯನ್ನು ಅಲ್ಲಿ ಡ್ರಮ್ಮುಗಳಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ರ ಒಳಗೆ ಬಂತು. ಮಹಲನಾಬಿಸ್ ತೀರಿಕೊಂಡದ್ದು 2022ರ ಅಕ್ಟೋಬರ್‌ನಲ್ಲಿ, ಮರಣೋತ್ತರ ಪದ್ಮವಿಭೂಷಣ ಘೋಷಣೆಯಾದದ್ದು 2023ರ ಜನವರಿಯಲ್ಲಿ. ಪತ್ರಿಕೆಗಳೆಲ್ಲ ಬರೆದವು.

2016ರ ನೋಟ್‌ಬುಕ್ಕಿನಲ್ಲಿ ಅವರ ಹೆಸರಿಲ್ಲ, ಬಂಗಾಂವ್ ಇಲ್ಲ. ಕಾಗದಗಳಲ್ಲಿರುವುದು ಸಾಲ್ಟ್ ಲೇಕ್, ಕಲ್ಕತ್ತದ ಅಂಚಿನ ಭಾರೀ ಶಿಬಿರ. ಚರಂಡಿಗೆಂದು ತಂದಿಟ್ಟ ಸಿಮೆಂಟ್ ಕೊಳವೆಗಳಲ್ಲಿ ಜನ ಸಂಸಾರ ಹೂಡಿದ್ದ ಜಾಗ. ಎರಡಕ್ಕೂ ನಡುವೆ ಸುಮಾರು 70 ಕಿಲೋಮೀಟರ್. ಲೇಖಕಿ ಪತ್ರಿಕೆಯಲ್ಲಿ ಓದಿದ ಡ್ರಮ್ಮು ಅವರದೇ ಡೇರೆಯೊಳಗೆ ಬಂದು ಕೂತಿತ್ತು. ದುರಾಸೆಯಿಂದ ಹೀಗಾಗುವುದು ಅಪರೂಪ. ತಾನು ಮಾಡಿದ ಸಣ್ಣ ಕೆಲಸಕ್ಕೆ ಒಂದು ದೊಡ್ಡ ಹೆಸರು ಸಿಕ್ಕಾಗ ಮನಸ್ಸು ಆ ಹೆಸರಿನ ಕೆಳಗೆ ಹೋಗಿ ನಿಲ್ಲುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ದ್ರಾವಣದ ಅಳತೆಯಲ್ಲಿತ್ತು. ಹಸ್ತಪ್ರತಿಯಲ್ಲಿ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದಿತ್ತು. ಇದು ಮನೆಯಲ್ಲೇ ಮಾಡಿಕೊಳ್ಳಲು ಆಮೇಲೆ ಹಳ್ಳಿ ಹಳ್ಳಿಗಳಲ್ಲಿ ಕಲಿಸಿದ ಅಳತೆ. ಲೇಖಕಿ ಅದನ್ನು ಮೂವತ್ತು ವರ್ಷ ಅಂಗನವಾಡಿಗಳಲ್ಲಿ, ಬಾವಿಕಟ್ಟೆಗಳಲ್ಲಿ ತಾವೇ ಕಲಿಸಿದ್ದಾರೆ. ಸಾವಿರ ಸಲ ಹೇಳಿದ ಅಳತೆ ಕೆಲವೇ ತಿಂಗಳು ಬಳಸಿದ ಅಳತೆಯನ್ನು ಅಳಿಸಿಹಾಕಿತ್ತು. ಹಸ್ತಪ್ರತಿಯಲ್ಲಿ ‘ಮಟ್ಟಸ ಚಮಚ’ ಎಂಬ ಪದವೂ ಬಿದ್ದುಹೋಗಿತ್ತು. ತಲೆತುಂಬ ಹಾಕಿದರೆ ಉಪ್ಪು ಹೆಚ್ಚಾಗುತ್ತದೆ, ಚಿಕ್ಕ ಮಗುವಿಗೆ ಅದು ಅಪಾಯ. ಆತ್ಮಕಥೆಯನ್ನು ನೋಡಿ ಯಾರಾದರೂ ದ್ರಾವಣ ಮಾಡಿಯಾರು ಎಂಬ ಎಚ್ಚರದಿಂದ ಆ ಸಾಲನ್ನೇ ತೆಗೆದು, ‘ಪುಡಿ ತೂಗಿ ಬರುತ್ತಿತ್ತು, ನಾವು ಕರಗಿಸುತ್ತಿದ್ದೆವು’ ಎಂದು ಉಳಿಸಲಾಯಿತು. ಧ್ವನಿಮುದ್ರಣದಲ್ಲಿ ಅವರು ಖಚಿತವಾಗಿ ಹೇಳಿದ್ದು ಇಷ್ಟನ್ನೇ.

ಹುಡುಗಿಯ ಪುಟಕ್ಕೂ ಇದೇ ಪರೀಕ್ಷೆ. ಚಿವುಟಿದ ಚರ್ಮ ತೀರಾ ನಿಧಾನವಾಗಿ ಸರಿಹೋಗುತ್ತದೆ, ಕಣ್ಣು ಗುಳಿಬಿದ್ದಿದೆ, ಮಗು ಮಿಸುಕುವುದಿಲ್ಲ ಎಂದರೆ ಅದು ತೀವ್ರ ನಿರ್ಜಲೀಕರಣ. ಆ ಸ್ಥಿತಿಯ ಮಗುವಿಗೆ ಮೊದಲು ಸಲೈನ್ ಏರಿಸಬೇಕು, ಚಮಚ ಆಮೇಲೆ. ಹಸ್ತಪ್ರತಿಯಲ್ಲಿ ಸಲೈನ್ ಇಲ್ಲ. ತಮ್ಮನಿಗೆ ಬರೆದ ಕಾಗದದಲ್ಲಿ ‘ಬಾಟಲಿ ಸಾಲುವುದಿಲ್ಲ, ಯಾರಿಗೆ ಹಾಕುವುದು ಯಾರಿಗೆ ಬಿಡುವುದು’ ಎಂಬ ಸಾಲಿದೆ. ಕೇಳಿದಾಗ ಗಾಜಿನ ಬಾಟಲಿ, ಬಿದಿರಿಗೆ ಕಟ್ಟಿದ ಹಗ್ಗ, ಸಿಗದ ರಕ್ತನಾಳ ಎಲ್ಲ ನೆನಪಾದವು. ಬಾಟಲಿ ಕಥೆಯಿಂದ ಹೊರಬಿದ್ದದ್ದೇಕೆ? ಬರಿಯ ನೀರು ಮತ್ತು ತಾಳ್ಮೆ ಒಂದು ಮಗುವನ್ನು ಉಳಿಸಿತು ಎಂಬ ಆದರ್ಶ ಬಾಟಲಿಯನ್ನು ಸಹಿಸದು. ಬಾಟಲಿ ಬಂದರೆ ಅದರ ಹಿಂದೆಯೇ ಬಾಟಲಿ ಸಿಗದ ಪಕ್ಕದ ಮಂಚವೂ ಬರುತ್ತದೆ.

ಅಂದ ಹಾಗೆ, ನೀರು ತುಂಬಿಕೊಂಡ ಕಾಲರಾ ರೋಗಿ ಎರಡು-ಮೂರು ದಿನದಲ್ಲಿ ಎದ್ದು ನಡೆಯುವುದು ಸಹಜವೇ. ಆದ್ದರಿಂದ ಕೈಬೀಸಿದ್ದು ಅಸಾಧ್ಯವೇನಲ್ಲ. ಆಗಬಹುದಾದದ್ದೆಲ್ಲ ಆಗಿರಬೇಕಾಗಿಲ್ಲ.

ಕಂಡದ್ದು, ಕೇಳಿದ್ದು, ಆಮೇಲೆ ತಿಳಿದದ್ದು

ಹಸ್ತಪ್ರತಿಯ ಪ್ರತಿ ವಾಕ್ಯಕ್ಕೂ ಅಂಚಿನಲ್ಲಿ ಮೂರರಲ್ಲಿ ಒಂದು ಗುರುತು ಹಾಕಲಾಯಿತು: ‘ಕಂ’, ‘ಕೇ’, ‘ಆ’. ಕಂಡದ್ದು, ಕೇಳಿದ್ದು, ಆಮೇಲೆ ತಿಳಿದದ್ದು. ಲೇಖಕಿ ಒಂದು ಪ್ರತಿಯಲ್ಲಿ, ಸಂಪಾದಕರು ಇನ್ನೊಂದರಲ್ಲಿ, ಒಬ್ಬರದನ್ನೊಬ್ಬರು ನೋಡದೆ. ಹೊಂದಿಕೆಯಾಗದ ವಾಕ್ಯಗಳನ್ನಷ್ಟೇ ಮಾತಿಗೆ ಎತ್ತಿಕೊಳ್ಳುವುದು. ದಿನಕ್ಕೆ ಎಂಟು-ಹತ್ತು ಪುಟಕ್ಕಿಂತ ಹೆಚ್ಚು ಮಾಡಿದರೆ ಕಣ್ಣು ಸೋತು ಎಲ್ಲವೂ ‘ಕಂ’ ಆಗುತ್ತದೆ.

ಈ ಕೆಲಸದಲ್ಲಿ ಭಾಷೆಯೇ ಕೈಹಿಡಿಯಿತು. ಕಣ್ಣಾರೆ ಕಾಣದ್ದಕ್ಕೆ ಕನ್ನಡದಲ್ಲಿ ‘ಅಂತೆ’ ಇದೆ. ಬಂದರು ಬೇರೆ, ಬಂದರಂತೆ ಬೇರೆ. ತುಳುವಿನಲ್ಲಿ ಅದೇ ಕೆಲಸವನ್ನು ಕೊನೆಯ ‘ಗೆ’ ಮಾಡುತ್ತದೆ: ಬೈದೆರ್ ಅಂದರೆ ಬಂದಿದ್ದಾರೆ, ಬೈದೆರ್‌ಗೆ ಅಂದರೆ ಬಂದಿದ್ದಾರಂತೆ. ಲೇಖಕಿಯ ಮಾತಿನಲ್ಲಿ ಈ ‘ಗೆ’ ಪುಟಪುಟಕ್ಕೂ ಇತ್ತು. ಗಡಿಯಲ್ಲಿ ಏನಾಯಿತು, ಹಿಂದಿನ ಡೇರೆಯಲ್ಲಿ ಎಷ್ಟು ಜನ ಸತ್ತರು, ಮಂತ್ರಿ ಬಂದು ಏನು ಹೇಳಿದರು, ಎಲ್ಲಕ್ಕೂ. ಬರೆಯುವ ಕನ್ನಡಕ್ಕೆ ಬಂದಾಗ ಎಲ್ಲ ‘ಅಂತೆ’ಗಳೂ ಉದುರಿಹೋಗಿದ್ದವು. ಬರವಣಿಗೆಯಲ್ಲಿ ಅಂತೆ ಅಂದರೆ ಹರಟೆ, ತೂಕ ಕಡಿಮೆ ಎಂದು ಶಾಲೆಯಲ್ಲಿ ಕಲಿತದ್ದರ ಪರಿಣಾಮ. ಹೀಗಾಗಿ ಕೇಳಿದ ಕ್ರೌರ್ಯಗಳೆಲ್ಲ ಕಂಡ ಕ್ರೌರ್ಯಗಳಾಗಿದ್ದವು. ಸಂಪಾದನೆಯಲ್ಲಿ ಆದ ಅತಿ ಮುಖ್ಯ ಕೆಲಸ, ಧ್ವನಿಮುದ್ರಣವನ್ನು ಕಿವಿಗೊಟ್ಟು ಕೇಳಿ ಆ ಅಂತೆಗಳನ್ನು ಒಂದೊಂದಾಗಿ ವಾಪಸು ಕೂರಿಸಿದ್ದು.

ಕೇಳಿದ್ದನ್ನು ಬರೆಯಲೇಬಾರದೆಂದಲ್ಲ. ಮಾನವೀಯ ನೆರವಿನ ಚಳವಳಿ ಶುರುವಾದದ್ದೇ ಒಂದು ನೆನಪಿನ ಪುಸ್ತಕದಿಂದ, ಅದರ ಹೆಸರಿನಲ್ಲೇ ‘ನೆನಪು’ ಇದೆ. 1859ರ ಜೂನ್ 24ರಂದು ಇಟಲಿಯಲ್ಲಿ ನಡೆದ ಸೋಲ್ಫೆರಿನೋ ಕದನದ ಬಗ್ಗೆ ಸ್ವಿಸ್ ವ್ಯಾಪಾರಿ ಆನ್ರಿ ಡ್ಯೂನಾನ್ 1862ರಲ್ಲಿ ಸ್ವಂತ ಖರ್ಚಿನಲ್ಲಿ 1,600 ಪ್ರತಿ ಅಚ್ಚು ಹಾಕಿಸಿದ ‘ಸೋಲ್ಫೆರಿನೋದ ಒಂದು ನೆನಪು’. ಅದರ ಫಲವಾಗಿ 1863ರಲ್ಲಿ ಜಿನೀವಾದ ಸಮಿತಿ (ಮುಂದೆ ರೆಡ್ ಕ್ರಾಸ್ ಆದದ್ದು), 1864ರಲ್ಲಿ ಮೊದಲ ಜಿನೀವಾ ಒಪ್ಪಂದ. ಡ್ಯೂನಾನ್ ಪಕ್ಕದ ಕ್ಯಾಸ್ಟಿಲ್ಯೋನೆ ಊರನ್ನು ತಲುಪಿದ್ದು ಕದನದ ದಿನ ಸಂಜೆ. ಪುಸ್ತಕದ ಮೊದಲ ಭಾಗದ ಯುದ್ಧವರ್ಣನೆ ಬೇರೆಯವರಿಂದ ತಿಳಿದದ್ದು. ತಾನು ಬರಿಯ ಪ್ರವಾಸಿ ಎಂದು ಅವರು ಬರೆದುಕೊಂಡರು, ಆದರೆ ಹೋದದ್ದು ಅಲ್ಜೀರಿಯದ ತನ್ನ ವ್ಯವಹಾರಕ್ಕೆ ಮೂರನೆಯ ನೆಪೋಲಿಯನ್ನನ ಅನುಗ್ರಹ ಕೇಳಲು. ಚರ್ಚಿನ ನೆಲದಲ್ಲಿ ಗಾಯಾಳುಗಳಿಗೆ ನೀರು ಕುಡಿಸಿದ ಪುಟಗಳ ಬೆಲೆ ಇದರಿಂದ ಕೂದಲೆಳೆಯಷ್ಟೂ ಕಡಿಮೆಯಾಗದು. ಆ ಪುಟಗಳ ಬಲವಿರುವುದು ಅವರು ನಿಂತಿದ್ದ ಜಾಗದಲ್ಲಿ. ಲೇಖಕಿಗೆ ಇದನ್ನು ಹೇಳಿದಾಗ ಅವರಿಗೆ ಧೈರ್ಯ ಬಂತು. ಬಂಗಾಂವ್ ಬಿಟ್ಟುಕೊಡಲು ಒಪ್ಪಿದ್ದು ಆ ದಿನವೇ.

ದುಭಾಷಿ ಎಲ್ಲಿ ಹೋದ?

ಹಸ್ತಪ್ರತಿಯಲ್ಲಿ ಲೇಖಕಿ ಶಿಬಿರದ ತಾಯಂದಿರ ಜೊತೆ ದೀರ್ಘವಾಗಿ ಮಾತಾಡುತ್ತಾರೆ. ಯಾವ ಭಾಷೆಯಲ್ಲಿ? ಅವರಿಗೆ ಬಂಗಾಳಿ ಬರುತ್ತಿರಲಿಲ್ಲ. ಹಿಂದಿ ಅಷ್ಟಕ್ಕಷ್ಟೆ. ಕಾಗದಗಳಲ್ಲಿ ಉತ್ತರವಿತ್ತು: ಪೂರ್ವ ಪಾಕಿಸ್ತಾನದ ಬರಿಸಾಲಿನ ಒಬ್ಬ ಶಾಲಾ ಮಾಸ್ತರರು, ಸ್ವತಃ ನಿರಾಶ್ರಿತರು, ಮುರುಕು ಇಂಗ್ಲಿಷಿನಲ್ಲಿ ದುಭಾಷಿಯಾಗಿದ್ದರು. ನೀರು ಕರಗಿಸುವುದು, ಸಾಲು ನಿಲ್ಲಿಸುವುದು, ರಾತ್ರಿ ಡೇರೆ ತೊಳೆಯುವುದು, ಹೆಣ ಹೊರುವುದು, ಎಲ್ಲದರಲ್ಲೂ ಹೆಚ್ಚಿನ ಕೈಗಳು ನಿರಾಶ್ರಿತರದೇ. ಹಸ್ತಪ್ರತಿಯಲ್ಲಿ ಅವರೆಲ್ಲ ‘ಬಡಪಾಯಿಗಳು’, ‘ದೀನರು’ ಎಂಬ ಪದಗಳಲ್ಲಿ ಕರಗಿ, ನೆರವು ಕೊಡುವವರು ಈ ಬದಿ, ಪಡೆಯುವವರು ಆ ಬದಿ ಎಂದಾಗಿತ್ತು.

ಇದು ಸೇವೆಯ ಆತ್ಮಕಥೆಗಳಲ್ಲಿ ಕಾಣುವ ಅತ್ಯಂತ ದೊಡ್ಡ ನಷ್ಟ ಎಂಬುದು ನಮ್ಮ ಅಭಿಪ್ರಾಯ. ಮಾಸ್ತರರು ಬಂದ ಕೂಡಲೇ ಪುಸ್ತಕದ ಉಸಿರೇ ಬದಲಾಯಿತು. ಉದ್ದುದ್ದ ಸಂಭಾಷಣೆಗಳನ್ನು ತೆಗೆದು, ಮಾಸ್ತರರು ಅನುವಾದಿಸಿ ಹೇಳಿದ ತುಂಡು ಮಾತುಗಳನ್ನಷ್ಟೇ ಇಡಲಾಯಿತು. ಲೇಖಕಿಗೆ ಬಾಯಿಪಾಠವಾಗಿದ್ದ ನಾಲ್ಕು ಬಂಗಾಳಿ ಪದಗಳು ಹಾಗೆಯೇ ಉಳಿದವು: ಜಲ್, ಖಾಓ, ಭಯ್ ನೇಯ್. ನೀರು, ಕುಡಿ, ಹೆದರಬೇಡ.

ಫೋಟೋಗಳಲ್ಲಿ ಒಂದು, ಅರೆಬತ್ತಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯದು. ಮುಖ ಸ್ಪಷ್ಟ. ಪ್ರಕಾಶಕರಿಗೆ ಅದೇ ಬೇಕಿತ್ತು. ವಿಪತ್ತು ಪರಿಹಾರದ ಸಂಸ್ಥೆಗಳಿಗೆ ರೆಡ್ ಕ್ರಾಸ್ ಮತ್ತು ಇತರರು 1994ರಲ್ಲಿ ರೂಪಿಸಿದ ನಡಾವಳಿಯ ಹತ್ತನೆಯ ಅಂಶ, ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ತೋರಿಸಬೇಕು, ಆಸೆ ಕಳೆದುಕೊಂಡ ವಸ್ತುಗಳಾಗಿ ಅಲ್ಲ ಎನ್ನುತ್ತದೆ. ಆ ಮಗು ಬದುಕಿದ್ದರೆ ಈಗ ಐವತ್ತು ದಾಟಿರುತ್ತದೆ. ಅದನ್ನು ಕೇಳುವ ದಾರಿಯಿಲ್ಲ, ಆದ್ದರಿಂದ ಅಚ್ಚು ಹಾಕುವ ಹಕ್ಕೂ ಇಲ್ಲ. ಕೊಳವೆಗಳ ಸಾಲಿನ ಫೋಟೋ ಪುಸ್ತಕದಲ್ಲಿ ಬಂತು.

ಕಾರ್ಡಿಲ್ಲದ ಹೆಂಗಸು

‘ನಾವು ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ’ ಎಂಬ ವಾಕ್ಯ ಹಸ್ತಪ್ರತಿಯಲ್ಲಿ ಮೂರು ಕಡೆ ಇತ್ತು. ಒಂದೇ ವಾಕ್ಯ ಮೂರು ಸಲ ಬಂದರೆ ಅಲ್ಲಿ ಅಗೆದು ನೋಡಬೇಕು. ಒಂಬತ್ತನೆಯ ಮಾತುಕತೆಯಲ್ಲಿ, ಹಾಲಿನ ಪುಡಿಯ ಡಬ್ಬಿಯ ಬಣ್ಣ ಕೇಳುತ್ತಿದ್ದಾಗ, ನಿರಾಶ್ರಿತರ ನೋಂದಣಿ ಕಾರ್ಡಿಲ್ಲದ ಒಬ್ಬ ಹೆಂಗಸು ನೆನಪಿಗೆ ಬಂದಳು. ಶಿಬಿರದವಳಲ್ಲ, ಅಲ್ಲಿಯದೇ ಬಡವಳು. ಕಂಕುಳಲ್ಲಿ ಮಗು, ಅದರ ಹೊಟ್ಟೆಯೂ ಅಷ್ಟೇ ಖಾಲಿ. ಹಾಲು ನೋಂದಾಯಿತ ನಿರಾಶ್ರಿತರಿಗೆ ಮಾತ್ರ. ಲೇಖಕಿ ಅವಳನ್ನು ಸಾಲಿನಿಂದ ಹೊರಗೆ ಕಳಿಸಿದರು.

ಈ ಘಟನೆಯನ್ನು ಸೇರಿಸಬೇಕೇ ಬೇಡವೇ ಎಂದು ತಿಂಗಳು ಚರ್ಚೆಯಾಯಿತು. ಅತ್ತೆಯ ಹೆಸರಿಗೆ ಕಪ್ಪು ಹಚ್ಚಿದಂತಾಗುತ್ತದೆ ಎಂದು ಮನೆಯವರಿಗೆ ಸಂಕಟ. ಲೇಖಕಿಯೇ ಬರೆಯುತ್ತೇನೆ ಎಂದರು. ಮೊದಲ ಕರಡಿನಲ್ಲಿ ಬರೆದದ್ದು ‘ನಿಯಮದಂತೆ ಅವಳನ್ನು ಹಿಂದಕ್ಕೆ ಕಳಿಸಲಾಯಿತು’. ಕಚೇರಿ ಕನ್ನಡದ ಈ ‘ಲಾಯಿತು’ ಮಾಡಿದವರನ್ನು ಮರೆಮಾಡುವುದರಲ್ಲಿ ಪಳಗಿದ್ದು. ಪುಸ್ತಕದಲ್ಲಿರುವುದು ‘ನಾನು ಕಳಿಸಿದೆ’.

ಅದರ ಬೆನ್ನಿಗೇ ಹಸ್ತಪ್ರತಿಯಲ್ಲಿದ್ದ ಇನ್ನೊಂದು ತೊಡಕು ಬಿಚ್ಚಿಕೊಂಡಿತು. ಇಪ್ಪತ್ತೆರಡರ ನರ್ಸ್ ಅಲ್ಲಿ ರೆಡ್ ಕ್ರಾಸ್‌ನ ಏಳು ಮೂಲತತ್ತ್ವಗಳನ್ನು ಉದ್ಧರಿಸುತ್ತಿದ್ದಳು: ಮಾನವೀಯತೆ, ನಿಷ್ಪಕ್ಷಪಾತ, ತಾಟಸ್ಥ್ಯ, ಸ್ವಾತಂತ್ರ್ಯ, ಸ್ವಯಂಸೇವೆ, ಏಕತೆ, ಸಾರ್ವತ್ರಿಕತೆ. ಇವನ್ನು ವಿಯೆನ್ನಾದಲ್ಲಿ ಘೋಷಿಸಿದ್ದು 1965ರಲ್ಲಿ, ಆದ್ದರಿಂದ ಕಾಲದ ತಪ್ಪಿಲ್ಲ. ಆದರೆ ಲೇಖಕಿ ಇವನ್ನು ಕಲಿತದ್ದು ಬಹಳ ಆಮೇಲೆ, ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ. ನಿಷ್ಪಕ್ಷಪಾತ ಅಂದರೆ ಅಗತ್ಯವೊಂದನ್ನೇ ನೋಡಿ ಕೊಡುವುದು, ಬೇರೆ ಯಾವ ಗುರುತನ್ನೂ ನೋಡದಿರುವುದು. ಕಾರ್ಡು ನೋಡಿ ಕೊಟ್ಟ ಹಾಲು ಆ ಅಳತೆಗೆ ನಿಲ್ಲದು. ಇತ್ತ ಕಾರ್ಡಿಲ್ಲದೆ ಕೊಡುತ್ತ ಹೋಗಿದ್ದರೆ ಲಕ್ಷಗಟ್ಟಲೆ ಜನರ ಶಿಬಿರದಲ್ಲಿ ಹಾಲು ಬೆಳಗ್ಗೆ ಒಂಬತ್ತಕ್ಕೇ ಮುಗಿಯುತ್ತಿತ್ತು. ತತ್ತ್ವವನ್ನು 1971ರ ಬಾಯಿಂದ ತೆಗೆದು, ಇಂದಿನ ಲೇಖಕಿ ಆ ಹೆಂಗಸನ್ನು ನೆನೆಯುವ ಪುಟಕ್ಕೆ ಸಾಗಿಸಲಾಯಿತು. ‘ಆಗ ನನಗೆ ಗೊತ್ತಿದ್ದದ್ದು ಡಬ್ಬಿ ಎಷ್ಟು ಉಳಿದಿದೆ ಎಂಬುದು ಮಾತ್ರ’ ಎಂದು ಆ ಪುಟ ಶುರುವಾಗುತ್ತದೆ. ಇಡೀ ಪುಸ್ತಕದಲ್ಲಿ ಆದರ್ಶದ ಬಗ್ಗೆ ನಂಬುವಂಥ ಬರವಣಿಗೆ ಇದೇ.

‘ಐನೂರು ಮಕ್ಕಳನ್ನು ಉಳಿಸಿದೆವು’ ಎಂಬ ಸಾಲಿಗೆ ಯಾವ ದಾಖಲೆಯೂ ಸಿಗಲಿಲ್ಲ. ಸಂಖ್ಯೆಯನ್ನು ತೆಗೆಯಲಾಯಿತು.

ಧ್ವನಿಮುದ್ರಣದ ಎರಡು ಪ್ರತಿಗಳು ಬೇರೆ ಬೇರೆ ಜಾಗದಲ್ಲಿವೆ. ಶಿಬಿರದವರ ನಿಜ ಹೆಸರು ಬರುವ ಭಾಗಗಳನ್ನು ಲೇಖಕಿಯ ಲಿಖಿತ ಒಪ್ಪಿಗೆಯಂತೆ ಮುಚ್ಚಿಡಲಾಗಿದೆ. ಅಚ್ಚಾದ ಪುಸ್ತಕದಲ್ಲಿ ಹುಡುಗಿಯ ಹೆಸರನ್ನೂ ಬದಲಿಸಿದೆ, ಹಾಗೆ ಬದಲಿಸಿದ ಸಂಗತಿಯನ್ನು ಮೊದಲ ಪುಟದಲ್ಲೇ ಹೇಳಿದೆ.

ಉಳಿದದ್ದು 87ನೆಯ ಪುಟ. 2016ರ ನೋಟ್‌ಬುಕ್ಕಿನಲ್ಲಿ, ರಾತ್ರಿ ಪಾಳಿ ಮುಗಿಸಿ ಹೋಗಿ ಮರುದಿನ ಬಂದಾಗ ಮಂಚ ಖಾಲಿಯಿತ್ತು ಎಂದಷ್ಟೇ ಇತ್ತು. ಹನ್ನೆರಡನೆಯ ಮಾತುಕತೆಯಲ್ಲಿ, ಮಗು ಬದುಕಿತೇ ಎಂಬ ಪ್ರಶ್ನೆಗೆ ಲೇಖಕಿ “ಎಂಕ್ ಗೊತ್ತುಜ್ಜಿ” ಎಂದರು. ನನಗೆ ಗೊತ್ತಿಲ್ಲ. ಕೈಬೀಸಿದ್ದು ಬೇರೆ ಯಾವುದೋ ಮಗು ಇರಬಹುದು, ಬೇರೆ ಡೇರೆಯಲ್ಲಿ, ಅದೂ ಸರಿಯಾಗಿ ನೆನಪಿಲ್ಲ ಎಂದರು. ಕರಡಿನಲ್ಲಿ ‘ನಾನು ಕೇಳಲಿಲ್ಲ’ ಎಂದು ಬರೆದಿದ್ದರು. ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ, ಸುದ್ದಿ ಕಿವಿಗೆ ಬೀಳಲಿಲ್ಲ ಎಂದೂ ಆಗುತ್ತದೆ. ಯಾವುದು ಸರಿ ಎಂದು ಕೇಳಿದಾಗ ಅವರೇ ಪೆನ್ನು ತೆಗೆದುಕೊಂಡು ತಿದ್ದಿದರು. ಅಚ್ಚಿನಲ್ಲಿ ಹೀಗಿದೆ: ‘ಬೆಳಿಗ್ಗೆ ಮಂಚ ಖಾಲಿಯಿತ್ತು. ಬಾಟಲಿಯ ಹಗ್ಗ ಬಿದಿರಿನಲ್ಲೇ ಇತ್ತು. ಹೊಸ ಪಾಳಿಯವರು ಬಂದಿದ್ದರು. ನಾನು ವಿಚಾರಿಸಲಿಲ್ಲ.’